ವಿದೇಶಿ ಕಾರ್ಗೋ ವಿಮಾನ ದೆಹಲಿಯಿಂದ ಬೆಂಗಳೂರಿಗೆ ಹಾರಿದರೆ ಅದು ಕಾನೂನುಬಾಹಿರವೇ? ‘ಕ್ಯಾಬೊಟಾಜ್’ ನಿಯಮ ನಿಜಕ್ಕೂ ಹೇಳುವುದೇನು

ವಿಮಾನಗಳ ಜಾಡು ತೋರಿಸುವ ಆ್ಯಪ್‌ನ ಒಂದು ಸ್ಕ್ರೀನ್‌ಶಾಟ್. ಅದರಲ್ಲಿ ಹೊರದೇಶದ ಸರಕು ವಿಮಾನವೊಂದು ನಮ್ಮ ದೇಶದ ಒಂದು ಊರಿಂದ ಇನ್ನೊಂದು ಊರಿಗೆ ಹೋಗುತ್ತಿರುತ್ತದೆ. ಕೆಳಗೆ ನಾಲ್ಕು ಸಾಲು ಆಕ್ರೋಶ: “ನೋಡಿ, ನಮ್ಮ ಪೈಲಟ್‌ಗಳು ಕೆಲಸವಿಲ್ಲದೆ ಕೂತಿದ್ದಾರೆ, ವಿದೇಶಿಯರು ನಮ್ಮ ಆಕಾಶದಲ್ಲಿ ಪಾರ್ಸೆಲ್ ಸಾಗಿಸುತ್ತಿದ್ದಾರೆ. ಎಲ್ಲರಿಗೂ ತಲುಪುವವರೆಗೆ ಶೇರ್ ಮಾಡಿ.” ಈ ಜಾತಿಯ ಸಂದೇಶ ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ಅಮೆರಿಕ, ಯುರೋಪಿನ ಪೈಲಟ್‌ಗಳ ನಡುವೆಯೂ ಇದೇ ಧಾಟಿಯ ಮಾತು ಬಹಳ ಕಾಲದಿಂದ ಓಡಾಡುತ್ತಿದೆ. ಅಲ್ಲಿ ದೇಶದ ಹೆಸರು ಬೇರೆ, ಅಷ್ಟೆ.

ಚಿಕ್ಕ ಉತ್ತರ ಮೊದಲೇ ಹೇಳಿಬಿಡುತ್ತೇವೆ. ವಿದೇಶಿ ವಿಮಾನ ನಮ್ಮ ಎರಡು ಊರುಗಳ ನಡುವೆ ಹಾರುವುದೇ ತಪ್ಪಲ್ಲ. ಒಂದು ಊರಿನಲ್ಲಿ ಸರಕು ತುಂಬಿಸಿಕೊಂಡು, ಬಾಡಿಗೆ ಪಡೆದು, ಅದೇ ದೇಶದ ಇನ್ನೊಂದು ಊರಿನಲ್ಲಿ ಇಳಿಸಿದರೆ ಮಾತ್ರ ತಕರಾರು. ಈ ಸಣ್ಣ ವ್ಯತ್ಯಾಸದ ಮೇಲೆ ಸಾವಿರಾರು ಪೈಲಟ್‌ಗಳ ಕೆಲಸ ನಿಂತಿದೆ. ಹಾಗಾಗಿ ಸ್ವಲ್ಪ ವಿವರವಾಗಿ ನೋಡೋಣ.

ಈ ಪದ ಬಂದದ್ದು ಹಡಗಿನಿಂದ

ಕ್ಯಾಬೊಟಾಜ್ ಎಂಬುದು ಫ್ರೆಂಚ್ ಪದ. ಕರಾವಳಿಯ ಗುಂಟ ಬಂದರಿನಿಂದ ಬಂದರಿಗೆ ಹಡಗು ಸಾಗುವುದಕ್ಕೆ ಹಾಗೆನ್ನುತ್ತಿದ್ದರು. ತಮ್ಮ ಕರಾವಳಿಯ ವ್ಯಾಪಾರ ತಮ್ಮ ಹಡಗುಗಳಿಗೇ ಇರಲಿ ಎಂದು ಹಲವು ದೇಶಗಳು ಕಾನೂನು ಮಾಡಿಕೊಂಡವು. ಭಾರತದಲ್ಲೂ ಅಂಥ ನಿರ್ಬಂಧ ಇತ್ತು. ಆಮದು-ರಫ್ತಿನ ಕಂಟೇನರ್‌ಗಳನ್ನು ವಿದೇಶಿ ಹಡಗುಗಳೂ ನಮ್ಮ ಬಂದರುಗಳ ನಡುವೆ ಸಾಗಿಸಬಹುದು ಎಂದು ಅದನ್ನು ಸಡಿಲಿಸಿದ್ದು 2018ರ ಮೇ ತಿಂಗಳಲ್ಲಿ.

ವಿಮಾನಕ್ಕೆ ಈ ನಿಯಮ ಬಂದದ್ದು 1944ರ ಡಿಸೆಂಬರ್ 7ರಂದು ಷಿಕಾಗೋದಲ್ಲಿ ಸಹಿಯಾದ ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಒಪ್ಪಂದದಿಂದ. ಅದರ 7ನೇ ವಿಧಿಯ ತಾತ್ಪರ್ಯ ಇಷ್ಟು: ಒಂದು ದೇಶದೊಳಗೆ ಹಣಕ್ಕಾಗಿ ಪ್ರಯಾಣಿಕರನ್ನೋ, ಟಪಾಲನ್ನೋ, ಸರಕನ್ನೋ ಹತ್ತಿಸಿಕೊಂಡು ಅದೇ ದೇಶದ ಮತ್ತೊಂದು ಜಾಗಕ್ಕೆ ಒಯ್ಯಲು ಬೇರೆ ದೇಶದ ವಿಮಾನಗಳಿಗೆ ಅನುಮತಿ ನಿರಾಕರಿಸುವ ಹಕ್ಕು ಆ ದೇಶಕ್ಕಿದೆ. ‘ನಿರಾಕರಿಸುವ ಹಕ್ಕು’ ಎಂಬುದನ್ನು ಗಮನಿಸಿ. ಇದು ಜಗತ್ತಿಗೆಲ್ಲ ಅನ್ವಯಿಸುವ ನಿಷೇಧವಲ್ಲ, ಬಾಗಿಲು ತೆರೆಯುವುದೂ ಮುಚ್ಚುವುದೂ ಮನೆಯವರ ಇಚ್ಛೆ. ಯುರೋಪಿಯನ್ ಒಕ್ಕೂಟ 1997ರಲ್ಲಿ ತನ್ನ ಸದಸ್ಯ ರಾಷ್ಟ್ರಗಳ ಕಂಪನಿಗಳಿಗೆ ಬಾಗಿಲು ತೆರೆಯಿತು. ಐರ್ಲೆಂಡಿನ ರಯಾನ್‌ಏರ್ ಇಟಲಿಯ ಒಂದು ಊರಿಂದ ಇನ್ನೊಂದಕ್ಕೆ ಟಿಕೆಟ್ ಮಾರುವುದು ಹಾಗಾಗಿಯೇ ಸಾಧ್ಯವಾಗಿದೆ. ಅಮೆರಿಕ ಮಾತ್ರ ತನ್ನ ಬಾಗಿಲು ಭದ್ರವಾಗಿ ಮುಚ್ಚಿಕೊಂಡಿದೆ.

ಬಸ್ಸಿನ ಲೆಕ್ಕದಲ್ಲಿ ಹೇಳುವುದಾದರೆ

ನಮ್ಮಲ್ಲಿ ಕಾಂಟ್ರ್ಯಾಕ್ಟ್ ಕ್ಯಾರೇಜ್ ಪರವಾನಗಿಯ ಖಾಸಗಿ ಬಸ್ಸುಗಳಿವೆಯಲ್ಲ, ಅವು ಬೆಂಗಳೂರಿನಿಂದ ಮಂಗಳೂರಿಗೆ ಹೋಗುವಾಗ ಹಾಸನದ ಮೇಲೇ ಹೋಗುತ್ತವೆ. ಆದರೆ ಸರ್ಕಾರಿ ಬಸ್ಸಿನ ಹಾಗೆ ಹಾಸನದಲ್ಲಿ ನಿಂತು “ಸಕಲೇಶಪುರ, ಸಕಲೇಶಪುರ” ಎಂದು ಕೂಗಿ ಜನ ಹತ್ತಿಸಿಕೊಂಡು ನಡುವೆ ಇಳಿಸುತ್ತಾ ಹೋಗುವಂತಿಲ್ಲ. ರಸ್ತೆ ಅದೇ, ಬಸ್ಸೂ ಅದೇ. ಮಧ್ಯದಲ್ಲಿ ಹತ್ತಿಸಿ ಇಳಿಸುವ ಹಕ್ಕು ಮಾತ್ರ ಬೇರೆ. (ಅವು ಹಾಗೆ ಮಾಡುವುದೇ ಇಲ್ಲವೇ ಎಂದು ಕೇಳಬೇಡಿ, ಅದು ಆರ್‌ಟಿಒದವರ ತಲೆನೋವು.)

ವಿಮಾನದಲ್ಲೂ ಹೀಗೆಯೇ. ಹಾಂಗ್‌ಕಾಂಗ್‌ನಿಂದ ಹೊರಟ ವಿದೇಶಿ ಸರಕು ವಿಮಾನ ದೆಹಲಿಯಲ್ಲಿ ಅರ್ಧ ಲೋಡ್ ಇಳಿಸಿ, ಉಳಿದದ್ದನ್ನು ಬೆಂಗಳೂರಿಗೆ ತಂದಿತು ಎಂದುಕೊಳ್ಳಿ. ಎರಡು ದೇಶಗಳ ನಡುವಿನ ಒಪ್ಪಂದ ಎರಡೂ ಊರುಗಳಿಗೆ ಅವಕಾಶ ಕೊಟ್ಟಿದ್ದರೆ ಇದರಲ್ಲಿ ಏನೂ ತಪ್ಪಿಲ್ಲ. ಬೆಂಗಳೂರಿಗೆ ಬಂದ ಸರಕು ಹಾಂಗ್‌ಕಾಂಗ್‌ನದು. ಆದರೆ ದೆಹಲಿಯಲ್ಲಿ ಖಾಲಿಯಾದ ಜಾಗಕ್ಕೆ ದೆಹಲಿಯದೇ ಹತ್ತು ಪೆಟ್ಟಿಗೆ ಏರಿಸಿ ಬೆಂಗಳೂರಿನಲ್ಲಿ ಇಳಿಸಿದರೆ ಅದು ಕ್ಯಾಬೊಟಾಜ್. ಆ್ಯಪ್‌ನ ಸ್ಕ್ರೀನ್‌ಶಾಟ್‌ನಲ್ಲಿ ಎರಡೂ ಒಂದೇ ಗೆರೆಯಾಗಿ ಕಾಣುತ್ತವೆ. ಹೊಟ್ಟೆಯೊಳಗೆ ಏನಿದೆ ಎಂಬುದು ಗೆರೆಯಿಂದ ತಿಳಿಯುವುದಿಲ್ಲ.

ಪ್ರಯಾಣಿಕರ ವಿಮಾನದಲ್ಲೂ ಇದಕ್ಕೆ ಒಳ್ಳೆಯ ಉದಾಹರಣೆ ಇದೆ. ಆಸ್ಟ್ರೇಲಿಯಾದ ಕ್ವಾಂಟಾಸ್ 2020ರವರೆಗೂ ಲಾಸ್ ಏಂಜಲೀಸ್‌ನಿಂದ ನ್ಯೂಯಾರ್ಕ್‌ಗೆ ವಿಮಾನ ಓಡಿಸುತ್ತಿತ್ತು. ಸೀಟು ಎಷ್ಟೇ ಖಾಲಿ ಇದ್ದರೂ ಆ ಎರಡು ಊರುಗಳ ನಡುವೆ ಮಾತ್ರ ಹೋಗಬೇಕಾದ ಅಮೆರಿಕನ್ನರಿಗೆ ಟಿಕೆಟ್ ಮಾರುವ ಹಾಗಿರಲಿಲ್ಲ.

ಭಾರತದ ವಿಷಯಕ್ಕೆ ಬಂದರೆ, ಇಲ್ಲಿ ಸರಕು ವಿಮಾನಗಳಿಗೆ ‘ಓಪನ್ ಸ್ಕೈ’ ನೀತಿ ಇದೆ ಎಂಬ ಮಾತು ಅರ್ಧ ಸತ್ಯ. ಇದ್ದದ್ದು ಹೌದು, ಆದರೆ 2020ರಲ್ಲಿ ಅದನ್ನು ಬಿಗಿ ಮಾಡಲಾಯಿತು. ವೇಳಾಪಟ್ಟಿಯಿಲ್ಲದೆ ಬರುವ ವಿದೇಶಿ ಸರಕು ಚಾರ್ಟರ್ ವಿಮಾನಗಳನ್ನು ಆರು ನಿಲ್ದಾಣಗಳಿಗೆ ಸೀಮಿತಗೊಳಿಸಿದರು: ಬೆಂಗಳೂರು, ಚೆನ್ನೈ, ದೆಹಲಿ, ಹೈದರಾಬಾದ್, ಕೋಲ್ಕತ್ತ, ಮುಂಬೈ. ಇದೂ ಹೊರದೇಶದಿಂದ ಬರುವ, ಹೊರದೇಶಕ್ಕೆ ಹೋಗುವ ಸರಕಿಗೆ ಸಂಬಂಧಿಸಿದ್ದು. ನಮ್ಮ ಊರಿಂದ ಊರಿಗೆ ಸರಕು ಸಾಗಿಸಲು ಭಾರತದ ಪರವಾನಗಿ ಇರುವ ಕಂಪನಿಯೇ ಬೇಕು.

ನಡುವೆ ಒಂದು ಅಲಾಸ್ಕಾ

ನಿಯಮಕ್ಕೆ ವಿನಾಯಿತಿಗಳೂ ಇವೆ, ಅವುಗಳಲ್ಲಿ ನಮಗೆ ಬಹಳ ಸ್ವಾರಸ್ಯ ಎನಿಸಿದ್ದು ಆಂಕರೇಜ್‌ನದು. ಏಷ್ಯಾದಿಂದ ಅಮೆರಿಕಕ್ಕೆ ಹೋಗುವ ಸರಕು ವಿಮಾನಗಳು ಇಂಧನ ತುಂಬಿಸಿಕೊಳ್ಳಲು ಅಲಾಸ್ಕಾದ ಈ ಊರಿನಲ್ಲಿ ಇಳಿಯುತ್ತವೆ. ಜನಸಂಖ್ಯೆ ಮೂರು ಲಕ್ಷದ ಆಸುಪಾಸು, ಆದರೆ ಸರಕಿನ ಲೆಕ್ಕದಲ್ಲಿ ಜಗತ್ತಿನ ದೊಡ್ಡ ವಿಮಾನ ನಿಲ್ದಾಣಗಳ ಸಾಲಿನಲ್ಲಿ ಅದರ ಹೆಸರಿದೆ. ಇಲ್ಲಿ ವಿದೇಶಿ ವಿಮಾನ ತನ್ನ ಸರಕು ಇಳಿಸಿ, ಅದನ್ನು ಬೇರೊಂದು ವಿಮಾನಕ್ಕೆ ಹಾಕಿ ಷಿಕಾಗೋಗೆ ಕಳಿಸಿದರೆ? ಆಂಕರೇಜ್‌ನಿಂದ ಷಿಕಾಗೋಗೆ ಹೋದದ್ದು ದೇಶೀಯ ಸರಕು ಎಂದು ವಾದಿಸಬಹುದು. 2003ರಲ್ಲಿ ಅಮೆರಿಕದ ಸಂಸತ್ತು ಕಾನೂನು ತಿದ್ದಿ, ಅಲಾಸ್ಕಾದಲ್ಲಿ ಹೀಗೆ ಇಳಿಸಿ ಏರಿಸಿದರೆ ಅಂತಾರಾಷ್ಟ್ರೀಯ ಪ್ರಯಾಣ ಮುರಿದಂತಲ್ಲ ಎಂದು ಬರೆದಿಟ್ಟಿತು. ಆಂಕರೇಜ್‌ನ ಮೀನು ವ್ಯಾಪಾರಿ ತನ್ನ ಸಾಲ್ಮನ್ ಪೆಟ್ಟಿಗೆಯನ್ನು ಅದೇ ವಿದೇಶಿ ವಿಮಾನದಲ್ಲಿ ಷಿಕಾಗೋಗೆ ಕಳಿಸುವಂತೆ ಮಾತ್ರ ಇಲ್ಲ.

ಹಾಗಾದರೆ ಪಾರ್ಸೆಲ್ ಕಂಪನಿಗಳು ಏನು ಮಾಡುತ್ತವೆ?

ಪೈಲಟ್‌ಗಳ ತಗಾದೆ ಶುರುವಾಗುವುದು ಇಲ್ಲಿ. ಫೆಡ್‌ಎಕ್ಸ್, ಯುಪಿಎಸ್, ಡಿಎಚ್‌ಎಲ್‌ನಂಥ ಕಂಪನಿಗಳು ಪಾರ್ಸೆಲ್ ತಲುಪಿಸುವುದು ಇಡೀ ಜಗತ್ತಿಗೆ. ಆದರೆ ಅವುಗಳ ಸ್ವಂತ ವಿಮಾನ ಒಂದೊಂದು ದೇಶಕ್ಕೆ ಸೇರಿದ್ದು. ಪರದೇಶದ ಒಳನಾಡಿನಲ್ಲಿ ತಮ್ಮ ವಿಮಾನ ಓಡಿಸುವಂತಿಲ್ಲ. ದಾರಿ ಒಂದೇ: ಅಲ್ಲಿನ ಕಂಪನಿಯೊಂದಕ್ಕೆ ಗುತ್ತಿಗೆ ಕೊಡುವುದು.

ಫೆಡ್‌ಎಕ್ಸ್ 2007ರಲ್ಲಿ ಚೀನಾದ ಒಳನಾಡಿನ ಪಾರ್ಸೆಲ್ ಸೇವೆ ಶುರು ಮಾಡಿದಾಗ ಹಾಂಗ್‌ಝೌ ನಗರವನ್ನು ಕೇಂದ್ರ ಮಾಡಿಕೊಂಡಿತು. ವಿಮಾನ ಹಾರಿಸಿದ್ದು ಓಕೆ ಏರ್‌ವೇಸ್ ಎಂಬ ಚೀನಾದ ಕಂಪನಿ. 2016ರಲ್ಲಿ ಯುರೋಪಿನ ಟಿಎನ್‌ಟಿ ಎಕ್ಸ್‌ಪ್ರೆಸ್ ಅನ್ನು ಕೊಂಡಾಗ ಫೆಡ್‌ಎಕ್ಸ್‌ಗೆ ಟ್ರಕ್‌ಗಳು ಸಿಕ್ಕವು, ಗೋದಾಮುಗಳು ಸಿಕ್ಕವು, ವಿಮಾನ ಸಂಸ್ಥೆ ಮಾತ್ರ ಸಿಗಲಿಲ್ಲ. ಯುರೋಪಿನ ವಿಮಾನ ಸಂಸ್ಥೆಯ ಅರ್ಧಕ್ಕಿಂತ ಹೆಚ್ಚು ಪಾಲು ಮತ್ತು ಹಿಡಿತ ಯುರೋಪಿನವರ ಕೈಯಲ್ಲೇ ಇರಬೇಕೆಂಬ ನಿಯಮ ಅಡ್ಡಬಂತು. ಹಾಗಾಗಿ ಟಿಎನ್‌ಟಿಯ ವಿಮಾನ ವಿಭಾಗ ಐರ್ಲೆಂಡಿನ ಎಎಸ್‌ಎಲ್ ಗುಂಪಿನ ಪಾಲಾಯಿತು, ಅದೇ ಗುಂಪು ಫೆಡ್‌ಎಕ್ಸ್‌ಗಾಗಿ ಗುತ್ತಿಗೆಯ ಮೇಲೆ ವಿಮಾನ ಹಾರಿಸುತ್ತಾ ಬಂತು.

ಡಿಎಚ್‌ಎಲ್‌ನದು ಇದರ ತಿರುಗುಮುರುಗು ಕತೆ. ಅದು ಜರ್ಮನಿಯ ಅಂಚೆ ಕಂಪನಿಯ ಒಡೆತನದ್ದು. ಅಮೆರಿಕದ ಕಾನೂನಿನ ಪ್ರಕಾರ ಅಲ್ಲಿನ ವಿಮಾನ ಸಂಸ್ಥೆಯ ಮತದ ಹಕ್ಕಿನಲ್ಲಿ ಕನಿಷ್ಠ ಶೇ 75 ಅಮೆರಿಕನ್ನರದ್ದಾಗಿರಬೇಕು, ಅಧ್ಯಕ್ಷರೂ ಆಡಳಿತ ಮಂಡಳಿಯ ಮೂರನೇ ಎರಡು ಭಾಗ ಸದಸ್ಯರೂ ಅಮೆರಿಕದ ಪ್ರಜೆಗಳಾಗಿರಬೇಕು. 2003ರಲ್ಲಿ ಡಿಎಚ್‌ಎಲ್ ಅಲ್ಲಿನ ಏರ್‌ಬೋರ್ನ್ ಕಂಪನಿಯನ್ನು ಕೊಂಡಾಗ, ವಿಮಾನಗಳ ಭಾಗವನ್ನು ಎಬಿಎಕ್ಸ್ ಏರ್ ಎಂದು ಪ್ರತ್ಯೇಕ ಮಾಡಬೇಕಾಯಿತು. ಐದು ವರ್ಷದ ಬಳಿಕ, 2008ರಲ್ಲಿ, ನಷ್ಟ ತಾಳಲಾರದೆ ಡಿಎಚ್‌ಎಲ್ ಅಮೆರಿಕದೊಳಗಿನ ದೇಶೀಯ ಸೇವೆ ನಿಲ್ಲಿಸುವುದಾಗಿ ಘೋಷಿಸಿತು. ಒಹಾಯೊ ರಾಜ್ಯದ ವಿಲ್ಮಿಂಗ್ಟನ್ ಎಂಬ ಸಣ್ಣ ಪಟ್ಟಣದಲ್ಲಿ ಸಾವಿರಾರು ಮಂದಿ ಕೆಲಸ ಕಳೆದುಕೊಂಡರು. ಪೈಲಟ್‌ಗಳ ಅಂಗಿಯ ಮೇಲೆ ಒಂದು ಕಂಪನಿಯ ಹೆಸರು, ಅವರ ಅನ್ನ ಇನ್ನೊಂದು ಕಂಪನಿಯ ಕೈಯಲ್ಲಿ. ಗುತ್ತಿಗೆಯ ಹಾರಾಟ ಎಂದರೆ ಇದು.

ನಮ್ಮಲ್ಲೂ ಇದೇ ಮಾದರಿ ಬಂದಿದೆ. 2023ರ ಜನವರಿಯಲ್ಲಿ ಅಮೆಜಾನ್ ಹೈದರಾಬಾದಿನಲ್ಲಿ ‘ಅಮೆಜಾನ್ ಏರ್’ ಆರಂಭಿಸಿದಾಗ ಬೋಯಿಂಗ್ 737 ವಿಮಾನ ಹಾರಿಸುವ ಹೊಣೆ ಹೊತ್ತದ್ದು ಕ್ವಿಕ್‌ಜೆಟ್, ಬೆಂಗಳೂರು ಮೂಲದ ಸರಕು ವಿಮಾನ ಸಂಸ್ಥೆ. ಮೈಮೇಲೆ ಯಾರ ಬಣ್ಣವೇ ಇರಲಿ, ಹಾರಾಟದ ಪರವಾನಗಿ ಭಾರತದ ಕಂಪನಿಯದು.

ಪೈಲಟ್‌ಗಳು ಕೇಳುವ ನಿಜವಾದ ಪ್ರಶ್ನೆ

ಮೇಲಿನದೆಲ್ಲ ಕಾನೂನಿನ ಒತ್ತಾಯ. ಆದರೆ ಎಲ್ಲ ಹೊರಗುತ್ತಿಗೆಯೂ ಕಾನೂನಿನ ಒತ್ತಾಯದಿಂದ ಆದದ್ದೇ? ವಿದೇಶದಲ್ಲಿ ಹಾರುವ ಅಮೆರಿಕದ ಸರಕು ಪೈಲಟ್‌ಗಳ ಅನುಮಾನ ಇರುವುದೇ ಇಲ್ಲಿ. ನಮ್ಮ ದೃಷ್ಟಿಯಲ್ಲಿ ಇಡೀ ವಿಷಯದ ತಿರುಳೂ ಇದೇ.

ಅಂತಾರಾಷ್ಟ್ರೀಯ ಹಾರಾಟದ ಹಕ್ಕುಗಳನ್ನು ‘ಸ್ವಾತಂತ್ರ್ಯ’ಗಳೆಂದು ಕರೆದು ಒಂಬತ್ತು ಮೆಟ್ಟಿಲು ಮಾಡಿದ್ದಾರೆ. ಮೂರು, ನಾಲ್ಕನೆಯದು ಸಾದಾ: ನಮ್ಮ ದೇಶದಿಂದ ಒಯ್ಯುವುದು, ನಮ್ಮ ದೇಶಕ್ಕೆ ತರುವುದು. ಐದನೆಯದರಲ್ಲಿ ತನ್ನ ದೇಶದಿಂದ ಹೊರಟ ವಿಮಾನ ಎರಡು ಪರದೇಶಗಳ ನಡುವೆಯೂ ಸರಕು ಸಾಗಿಸಬಹುದು. ಏಳನೆಯದರಲ್ಲಿ ತವರಿಗೆ ಹೋಗದೆಯೇ, ಪರದೇಶದಲ್ಲೇ ಠಿಕಾಣಿ ಹಾಕಿ ಎರಡು ಪರದೇಶಗಳ ನಡುವೆ ಓಡಾಡಬಹುದು. ಎಂಟು ಮತ್ತು ಒಂಬತ್ತು ಕ್ಯಾಬೊಟಾಜ್‌ನ ಎರಡು ರೂಪಗಳು. ಅವನ್ನು ಕೊಡುವ ದೇಶಗಳು ವಿರಳ.

2007ರಲ್ಲಿ ಅಮೆರಿಕ ಮತ್ತು ಯುರೋಪಿಯನ್ ಒಕ್ಕೂಟ ಸಹಿ ಹಾಕಿದ ಒಪ್ಪಂದ ಅಮೆರಿಕದ ಸರಕು ವಿಮಾನಗಳಿಗೆ ಕೆಲವು ಯುರೋಪಿಯನ್ ದೇಶಗಳಲ್ಲಿ ಈ ಏಳನೇ ಹಕ್ಕನ್ನೂ ಕೊಟ್ಟಿತು. ಫ್ರಾನ್ಸ್, ಜರ್ಮನಿ ಆ ಪಟ್ಟಿಯಲ್ಲಿವೆ. ಫೆಡ್‌ಎಕ್ಸ್‌ನ ಯುರೋಪಿನ ಕೇಂದ್ರ ಇರುವುದು ಪ್ಯಾರಿಸ್‌ನಲ್ಲಿ, ಯುಪಿಎಸ್‌ನದು ಜರ್ಮನಿಯ ಕೊಲೋನ್‌ನಲ್ಲಿ. ಅಂದರೆ ಪ್ಯಾರಿಸ್‌ನಿಂದ ಕೊಲೋನ್‌ಗೆ ಅಮೆರಿಕದ ಕಂಪನಿ ತನ್ನದೇ ವಿಮಾನ, ತನ್ನದೇ ಪೈಲಟ್ ಕಳಿಸಲು ಕಾನೂನಿನ ಅಡ್ಡಿ ಇಲ್ಲ. ಪ್ಯಾರಿಸ್‌ನಲ್ಲಿ ಹತ್ತಿಸಿದ ಪಾರ್ಸೆಲನ್ನು ಫ್ರಾನ್ಸಿನದೇ ಮಾರ್ಸೇ ನಗರಕ್ಕೆ ಒಯ್ಯಲು ಅಡ್ಡಿ ಇದೆ.

ಈ ಎರಡು ಉದಾಹರಣೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಮಾರ್ಸೇ ಹಾರಾಟವನ್ನು ಸ್ಥಳೀಯ ಕಂಪನಿಗೆ ಕೊಟ್ಟರೆ ಅದು ನಿರ್ವಾಹವಿಲ್ಲದೆ. ಕೊಲೋನ್ ಹಾರಾಟವನ್ನೂ ಕೊಟ್ಟರೆ ಅದು ಲೆಕ್ಕಾಚಾರ: ಸಣ್ಣ ವಿಮಾನ ಸಾಕು, ಖರ್ಚು ಕಮ್ಮಿ. ಲೆಕ್ಕಾಚಾರ ಮಾಡುವುದು ತಪ್ಪೆಂದು ನಾವು ಹೇಳುತ್ತಿಲ್ಲ. ಅರ್ಧ ತುಂಬದ ದೊಡ್ಡ ವಿಮಾನ ಕಳಿಸುವುದು ಯಾವ ಕಂಪನಿಗೂ ಕಟ್ಟುಬೀಳುವುದಿಲ್ಲ. ಅಮೆರಿಕದೊಳಗೇ ಸಣ್ಣ ಊರುಗಳಿಗೆ ಫೆಡ್‌ಎಕ್ಸ್ ತನ್ನ ಒಡೆತನದ ಸೆಸ್ನಾ ಮತ್ತು ಎಟಿಆರ್ ವಿಮಾನಗಳನ್ನು ಗುತ್ತಿಗೆದಾರರ ಕೈಗೆ ಕೊಟ್ಟು ಹಾರಿಸುತ್ತದೆ. ಅಲ್ಲಿ ಕ್ಯಾಬೊಟಾಜ್‌ನ ಪ್ರಶ್ನೆಯೇ ಇಲ್ಲ. ಆದರೆ “ಕಾನೂನು ಬಿಡುತ್ತಿಲ್ಲ, ಅದಕ್ಕೇ ಹೊರಗೆ ಕೊಟ್ಟೆವು” ಎಂಬ ವಿವರಣೆ ಪ್ರತಿ ಮಾರ್ಗಕ್ಕೂ ಹೊಂದುವುದಿಲ್ಲ. ಯಾವ ಮಾರ್ಗ, ಯಾವ ಒಪ್ಪಂದ, ಎಷ್ಟನೇ ಸ್ವಾತಂತ್ರ್ಯ ಎಂದು ಕೇಳಿದರೆ ಮಾತ್ರ ಗೊತ್ತಾಗುತ್ತದೆ.

ಪೈಲಟ್‌ಗಳು ಇದಕ್ಕೆ ಇಷ್ಟು ತಲೆಕೆಡಿಸಿಕೊಳ್ಳಲು ಕಾರಣ ಸೀನಿಯಾರಿಟಿ. ಅಮೆರಿಕದ ದೊಡ್ಡ ವಿಮಾನ ಸಂಸ್ಥೆಗಳಲ್ಲಿ ಯಾವ ವಿಮಾನ, ಯಾವ ಊರು, ಯಾವ ರಜೆ, ಯಾವಾಗ ಕ್ಯಾಪ್ಟನ್ ಎಂಬುದೆಲ್ಲ ಸೇರಿದ ದಿನಾಂಕದ ಪಟ್ಟಿಯ ಮೇಲೆ ತೀರ್ಮಾನವಾಗುತ್ತದೆ. ಇಪ್ಪತ್ತು ವರ್ಷ ದುಡಿದವರು ಕಂಪನಿ ಬದಲಿಸಿದರೆ ಹೊಸ ಪಟ್ಟಿಯ ತಳದಿಂದ ಶುರು. ಹಾಗಾಗಿ ತಮ್ಮ ಕಂಪನಿಯ ಹಾರಾಟ ಕುಗ್ಗಿದರೆ ಬೇರೆ ಕಡೆ ಹೋಗಿ ಅದೇ ಬದುಕು ಕಟ್ಟಿಕೊಳ್ಳಲಾಗುವುದಿಲ್ಲ. ಇದಕ್ಕಾಗಿಯೇ ಅಲ್ಲಿನ ಪೈಲಟ್ ಸಂಘಗಳು ವೇತನಕ್ಕಿಂತ ಮೊದಲು ‘ಸ್ಕೋಪ್’ ಎಂಬ ಷರತ್ತಿಗೆ ಪಟ್ಟು ಹಿಡಿಯುತ್ತವೆ. ಕಂಪನಿಯ ಯಾವ್ಯಾವ ಹಾರಾಟವನ್ನು ಕಂಪನಿಯ ಪಟ್ಟಿಯಲ್ಲಿರುವ ಪೈಲಟ್‌ಗಳೇ ಮಾಡಬೇಕು, ಯಾವುದನ್ನು ಹೊರಗೆ ಕೊಡಬಹುದು, ಎಷ್ಟು ದೊಡ್ಡ ವಿಮಾನದವರೆಗೆ ಕೊಡಬಹುದು ಎಂಬುದನ್ನು ಬರೆದಿಡುವ ಪುಟ ಅದು. ದೇಶದ ಕಾನೂನು ಕಾಯುವುದು ದೇಶದ ಕಂಪನಿಯನ್ನು. ಪೈಲಟ್‌ನ ಕೆಲಸ ಕಾಯುವುದು ಈ ಪುಟ.

ಪರದೇಶದಲ್ಲಿ ಮನೆ ಮಾಡಿಕೊಂಡ ಪೈಲಟ್‌ಗಳ ಸ್ಥಿತಿ ಇನ್ನೂ ನಾಜೂಕು. ಫೆಡ್‌ಎಕ್ಸ್ ಹಾಂಗ್‌ಕಾಂಗ್‌ನಲ್ಲಿ ಪೈಲಟ್‌ಗಳ ನೆಲೆ ಇಟ್ಟುಕೊಂಡಿತ್ತು, ಕುಟುಂಬ ಸಮೇತ ಅಲ್ಲೇ ಇದ್ದವರಿದ್ದರು. ಕೋವಿಡ್ ಕಾಲದ ಅಲ್ಲಿನ ಕಟ್ಟುನಿಟ್ಟಿನ ನಿಯಮಗಳ ನಡುವೆ 2021ರ ನವೆಂಬರ್‌ನಲ್ಲಿ ಆ ನೆಲೆಯನ್ನು ಮುಚ್ಚುವುದಾಗಿ ಕಂಪನಿ ಹೇಳಿತು.

“ವಿದೇಶಿ ಪೈಲಟ್ ಎಂದರೆ ಅಪಾಯ” ಎಂಬ ಮಾತು

ಈ ಫಾರ್ವರ್ಡ್‌ಗಳಿಗೆ ಬಾಲವಾಗಿ ಬರುವ ವಾದ ಇದು. ಎರಡು ವಿಷಯ ಇಲ್ಲಿ ಕಲಸಿಹೋಗಿವೆ. ಕ್ಯಾಬೊಟಾಜ್ ನೋಡುವುದು ವಿಮಾನ ಮತ್ತು ಕಂಪನಿ ಯಾವ ದೇಶದ್ದು ಎಂಬುದನ್ನು, ಪೈಲಟ್‌ನ ಪಾಸ್‌ಪೋರ್ಟನ್ನಲ್ಲ. ವಿಮಾನ ನೋಂದಣಿಯಾದ ದೇಶ ಪೈಲಟ್‌ನ ಲೈಸೆನ್ಸ್ ಕೊಟ್ಟಿರಬೇಕು ಇಲ್ಲವೇ ಮಾನ್ಯ ಮಾಡಿರಬೇಕು, ಷಿಕಾಗೋ ಒಪ್ಪಂದ ಕೇಳುವುದು ಅಷ್ಟೆ. ಭಾರತದಲ್ಲಿ ಡಿಜಿಸಿಎ ವಿದೇಶಿ ಪೈಲಟ್‌ಗಳಿಗೆ ತಾತ್ಕಾಲಿಕ ಅನುಮತಿ ಕೊಡುವ ವ್ಯವಸ್ಥೆ ಇದೆ. ಇಂಡಿಗೋ 2023ರಲ್ಲಿ ಟರ್ಕಿಷ್ ಏರ್‌ಲೈನ್ಸ್‌ನಿಂದ ಬೋಯಿಂಗ್ 777 ವಿಮಾನಗಳನ್ನು ಗುತ್ತಿಗೆಗೆ ಪಡೆದಾಗ ಪೈಲಟ್‌ಗಳೂ ಅಲ್ಲಿಂದಲೇ ಬಂದರು.

2010ರ ಮೇ 22ರ ಮಂಗಳೂರು ದುರಂತವನ್ನು ಕರಾವಳಿಯವರು ಮರೆಯಲಾರರು. 158 ಜನ ಸತ್ತ ಆ ವಿಮಾನದ ಕ್ಯಾಪ್ಟನ್ ವಿದೇಶಿ ಪ್ರಜೆ. ಆದರೆ ತನಿಖೆ ಬೊಟ್ಟು ಮಾಡಿದ್ದು ಪೌರತ್ವದ ಕಡೆಗಲ್ಲ. ಇಳಿಯುವ ಹಾದಿ ಸರಿ ಇಲ್ಲವೆಂದು ಎಚ್ಚರಿಕೆಗಳು ಬಂದರೂ ಮತ್ತೆ ಮೇಲೇರದೆ ಇಳಿಯಲು ಹೊರಟದ್ದರ ಕಡೆಗೆ. ಹಾರಾಟದ ವೇಳೆ ಕ್ಯಾಪ್ಟನ್ ಬಹಳ ಹೊತ್ತು ನಿದ್ದೆ ಮಾಡಿದ್ದರು ಎಂಬುದೂ ಧ್ವನಿಮುದ್ರಣದಲ್ಲಿ ದಾಖಲಾಗಿತ್ತು.

ನಿದ್ದೆ, ದಣಿವಿನ ಪ್ರಶ್ನೆ ರಾತ್ರಿಯಿಡೀ ಹಾರುವ ಸರಕು ಪೈಲಟ್‌ಗಳಿಗೆ ಇನ್ನೂ ಹತ್ತಿರದ್ದು. ಅಮೆರಿಕದಲ್ಲಿ ಪೈಲಟ್‌ಗಳ ವಿಶ್ರಾಂತಿಯ ಹೊಸ ನಿಯಮ 2014ರ ಜನವರಿಯಲ್ಲಿ ಜಾರಿಗೆ ಬಂದಾಗ ಸರಕು ವಿಮಾನಗಳನ್ನು ಅದರಿಂದ ಹೊರಗಿಟ್ಟರು. ಅದಕ್ಕೆ ಕೆಲವೇ ತಿಂಗಳ ಮುಂಚೆ, 2013ರ ಆಗಸ್ಟ್‌ನಲ್ಲಿ, ಬರ್ಮಿಂಗ್‌ಹ್ಯಾಮ್‌ನಲ್ಲಿ ಯುಪಿಎಸ್ ವಿಮಾನ ಬಿದ್ದು ಇಬ್ಬರು ಪೈಲಟ್‌ಗಳು ಸತ್ತಿದ್ದರು. ಕಾರಣಗಳಲ್ಲಿ ದಣಿವನ್ನೂ ತನಿಖಾ ಮಂಡಳಿ ಹೆಸರಿಸಿತು. ಅವರು ಗುತ್ತಿಗೆಯವರಲ್ಲ, ಕಂಪನಿಯ ಸ್ವಂತ ಪೈಲಟ್‌ಗಳು. ಹೀಗಾಗಿ “ಗುತ್ತಿಗೆ ಎಂದರೆ ಅಪಾಯ, ಸ್ವಂತದ್ದು ಎಂದರೆ ಸುರಕ್ಷಿತ” ಎಂಬ ಸರಳ ಗೆರೆಯೂ ನಿಲ್ಲುವುದಿಲ್ಲ. ಗುತ್ತಿಗೆಯಲ್ಲಿ ನಿಜಕ್ಕೂ ಕಷ್ಟವಾಗುವುದು ಹೊಣೆ ಯಾರದು ಎಂದು ಹುಡುಕುವುದು.

2025ರ ಅಕ್ಟೋಬರ್ 20ರಂದು ಹಾಂಗ್‌ಕಾಂಗ್‌ನಲ್ಲಿ ಸರಕು ವಿಮಾನವೊಂದು ರನ್‌ವೇ ಬಿಟ್ಟು ಪಕ್ಕಕ್ಕೆ ಹೋಗಿ, ಗಸ್ತು ವಾಹನವನ್ನು ಸಮುದ್ರಕ್ಕೆ ತಳ್ಳಿ, ಅದರಲ್ಲಿದ್ದ ಇಬ್ಬರು ಸತ್ತರು. ಸುದ್ದಿಯ ತಲೆಬರಹಗಳಲ್ಲಿ ಇದ್ದದ್ದು ‘ಎಮಿರೇಟ್ಸ್ ವಿಮಾನ’. ಹಾರಾಟದ ಸಂಖ್ಯೆ ಎಮಿರೇಟ್ಸ್‌ನದು ಹೌದು. ಬೋಯಿಂಗ್ 747 ವಿಮಾನವೂ ಸಿಬ್ಬಂದಿಯೂ ಟರ್ಕಿಯ ಏರ್ ಎಸಿಟಿ ಎಂಬ ಕಂಪನಿಯವು. ಅದಕ್ಕೆ ಹಿಂದಿನ ವರ್ಷ ನವೆಂಬರ್ 25ರಂದು ಲಿಥುವೇನಿಯಾದ ವಿಲ್ನಿಯಸ್‌ನಲ್ಲಿ ಬಿದ್ದ ‘ಡಿಎಚ್‌ಎಲ್ ವಿಮಾನ’ ಸ್ಪೇನಿನ ಸ್ವಿಫ್ಟ್‌ಏರ್ ಹಾರಿಸುತ್ತಿದ್ದದ್ದು. ಸಿಬ್ಬಂದಿಯಲ್ಲಿ ಒಬ್ಬರು ಸತ್ತರು. 2019ರ ಫೆಬ್ರುವರಿಯಲ್ಲಿ ಟೆಕ್ಸಾಸ್‌ನಲ್ಲಿ ಮೂವರೊಂದಿಗೆ ಬಿದ್ದ ‘ಅಮೆಜಾನ್ ವಿಮಾನ’ ಅಟ್ಲಾಸ್ ಏರ್‌ನದು. ಆ ತನಿಖೆ, ಹೊಸ ಪೈಲಟ್‌ಗಳ ಹಳೆಯ ತರಬೇತಿ ದಾಖಲೆ ಕಂಪನಿಗಳ ನಡುವೆ ಸರಿಯಾಗಿ ಹಂಚಿಕೆಯಾಗದಿದ್ದದ್ದನ್ನೂ ಎತ್ತಿ ಹೇಳಿತು.

ಸ್ಕ್ರೀನ್‌ಶಾಟ್ ಬಂದಾಗ ನೋಡಬೇಕಾದದ್ದು

ಮೈಮೇಲಿನ ಬಣ್ಣ ನೋಡಬೇಡಿ, ನೋಂದಣಿಯ ಮೊದಲ ಅಕ್ಷರ ನೋಡಿ. ಜಾಡು ತೋರಿಸುವ ಆ್ಯಪ್‌ಗಳಲ್ಲಿ ವಿಮಾನವನ್ನು ಒತ್ತಿದರೆ ಸಾಮಾನ್ಯವಾಗಿ ಅದು ಕಾಣುತ್ತದೆ. ‘ವಿಟಿ’ ಎಂದಿದ್ದರೆ ಭಾರತದ್ದು, ‘ಎನ್’ ಅಮೆರಿಕದ್ದು, ‘ಡಿ’ ಜರ್ಮನಿಯದು, ‘ಇಐ’ ಐರ್ಲೆಂಡಿನದು, ‘ಇಸಿ’ ಸ್ಪೇನಿನದು. ಆಮೇಲೆ ಆ ವಿಮಾನದ ಹಿಂದಿನ ಮತ್ತು ಮುಂದಿನ ಹಾರಾಟ ನೋಡಿ. ದೆಹಲಿಗೆ ಹೊರದೇಶದಿಂದ ಬಂದು, ಬೆಂಗಳೂರಿನಿಂದ ಮತ್ತೆ ಹೊರದೇಶಕ್ಕೆ ಹೋಗಿದ್ದರೆ ನಡುವಿನ ಹಾರಾಟ ಒಂದೇ ಅಂತಾರಾಷ್ಟ್ರೀಯ ಪ್ರಯಾಣದ ತುಂಡಾಗಿರುವ ಸಾಧ್ಯತೆಯೇ ಹೆಚ್ಚು. ಕಂಪನಿಯ ಹೆಸರಿನ ಜಾಗದಲ್ಲಿ ಕಾಣುವುದು ಕೆಲವೊಮ್ಮೆ ಬ್ರ್ಯಾಂಡ್ ಮಾತ್ರ, ಹಾರಿಸುವವರು ಬೇರೆ. ಹಾಂಗ್‌ಕಾಂಗ್‌ನ ಆ ‘ಎಮಿರೇಟ್ಸ್’ ವಿಮಾನದ ನೋಂದಣಿ ಶುರುವಾಗುತ್ತಿದ್ದದ್ದು ‘ಟಿಸಿ’ಯಿಂದ, ಅಂದರೆ ಟರ್ಕಿ.